ಸಹಾಯ ಬೇಕು: ನೆಟ್ ಇಲ್ಲದ ಕಡೆ ಲ್ಯಾಪ್‌ಟಾಪ್‌ನಲ್ಲಿ ದಾರಿ ತೋರಿಸುವ ಮ್ಯಾಪ್

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಕಡೆಯವನು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಕಡೆಗೆ ಹೋದರೆ ಎಷ್ಟೋ ಕಡೆ ನೆಟ್‌ವರ್ಕ್ ಸಿಗುವುದಿಲ್ಲ, ಮಳೆಗಾಲದಲ್ಲಂತೂ ಕೇಳಲೇಬೇಡಿ. ಅದಕ್ಕೆ ಜೀಪಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫ್‌ಲೈನ್ ಮ್ಯಾಪ್ ನೋಡುತ್ತಾ ಓಡಾಡಬೇಕು ಅಂತಿದ್ದೇನೆ.

ಲ್ಯಾಪ್‌ಟಾಪ್‌ನಲ್ಲಿ ಉಬುಂಟು (ಲಿನಕ್ಸ್) ಇದೆ. ಯುಎಸ್‌ಬಿ ಜಿಪಿಎಸ್ ರಿಸೀವರ್ ಹಾಕಿದ್ದೇನೆ. ರಿಸೀವರ್‌ನ ಮಾಹಿತಿಯನ್ನು ಬೇರೆ ಪ್ರೋಗ್ರಾಂಗಳಿಗೆ ಕೊಡುವ ಜಿಪಿಎಸ್‌ಡಿ ಓಡುತ್ತಿದೆ, ಸ್ಯಾಟಲೈಟ್ ಸಿಗುತ್ತಿವೆ, ಅಕ್ಷಾಂಶ ರೇಖಾಂಶವೂ ಸರಿಯಾಗಿ ಬರುತ್ತಿದೆ. ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರ್‌ನಲ್ಲಿ ನಾನಿರುವ ಜಾಗದ ಚುಕ್ಕೆ ಕೂಡ ಕಾಣಿಸುತ್ತದೆ. ಆದರೆ ದಾರಿ ತೋರಿಸುವ ನ್ಯಾವಿಟ್ ಸಾಫ್ಟ್‌ವೇರ್‌ನಲ್ಲಿ ಮಾತ್ರ ಗಾಡಿ ಗುರುತು ಅಲುಗಾಡುವುದೇ ಇಲ್ಲ! ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ಸೇರಿ ಮಾಡುವ ಉಚಿತ ಮ್ಯಾಪ್) ಡೇಟಾವನ್ನು ನ್ಯಾವಿಟ್‌ನದೇ ಮ್ಯಾಪ್‌ಟೂಲ್‌ನಲ್ಲಿ ಅದಕ್ಕೆ ಬೇಕಾದ ರೂಪಕ್ಕೆ ಬದಲಾಯಿಸಿ ಹಾಕಿದ್ದೇನೆ, ಚಿಕ್ಕಮಗಳೂರು, ಬಾಳೆಹೊನ್ನೂರು, ಸಕಲೇಶಪುರ ಎಲ್ಲಾ ಚೆನ್ನಾಗಿ ಕಾಣುತ್ತವೆ, ಅಂದ್ರೆ ಮ್ಯಾಪ್‌ದು ತೊಂದರೆ ಇಲ್ಲ ಅಲ್ವಾ? ನ್ಯಾವಿಟ್‌ನ ಕಾನ್ಫಿಗ್ (ಸೆಟ್ಟಿಂಗ್) ಫೈಲ್‌ನಲ್ಲಿ ಗಾಡಿಯ ಸೋರ್ಸ್ ಅನ್ನು ಜಿಪಿಎಸ್‌ಡಿ, ಲೋಕಲ್‌ಹೋಸ್ಟ್ (ಅಂದ್ರೆ ಇದೇ ಲ್ಯಾಪ್‌ಟಾಪ್) ಅಂತಲೇ ಕೊಟ್ಟಿದ್ದೇನೆ. ಇನ್ನೇನು ನೋಡಬೇಕು?

ಇನ್ನೊಂದು ವಿಷಯ. ತೋಟದ ಸಿಲ್ವರ್ ಓಕ್ ಮರಗಳ ಕೆಳಗೆ ಹೋದರೆ ಜಿಪಿಎಸ್ ಸಿಗ್ನಲ್ ಜಾಸ್ತಿ ಎಗರಾಡುತ್ತದೆ. ವಯರ್ ಇರುವ ಆಂಟೆನಾ ತಂದು ಜೀಪಿನ ಮೇಲೆ ಕೂರಿಸಿದರೆ ಸುಧಾರಿಸುತ್ತದಾ? ಬಳಸಿದವರು ಹೇಳಿ.

ಮೊಬೈಲ್‌ನಲ್ಲೇ ಆರ್ಗ್ಯಾನಿಕ್ ಮ್ಯಾಪ್ಸ್ (ಆಫ್‌ಲೈನ್ ಮ್ಯಾಪ್ ಆ್ಯಪ್) ಹಾಕಿಕೋ ಅನ್ನಬೇಡಿ, ಅದೂ ಇದೆ, ಒಳ್ಳೆಯದೇ. ಆದರೆ ನನಗೆ ದೊಡ್ಡ ಸ್ಕ್ರೀನ್ ಬೇಕು. ತೋಟದ ಒಳದಾರಿಗಳು ಮ್ಯಾಪ್‌ನಲ್ಲಿ ಎಷ್ಟೋ ಇಲ್ಲವೇ ಇಲ್ಲ, ಹೋದ ದಾರಿಯನ್ನು ದಾಖಲಿಸಿ ಆಮೇಲೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಬೇಕು, ರಾತ್ರಿ ಹೊತ್ತು ಆಂಬ್ಯುಲೆನ್ಸ್‌ನವರಿಗೂ ಉಪಯೋಗ ಆಗುತ್ತದೆ. ಹಾಸನ, ಚಿಕ್ಕಮಗಳೂರು ಕಡೆ ಯಾರಾದರೂ ಇದನ್ನು ಮಾಡಿದ್ದರೆ ದಯವಿಟ್ಟು ನಿಮ್ಮ ಸೆಟ್ಟಿಂಗ್ ಹಾಕಿ.