ಐಟಿಐ ವೆಲ್ಡರ್ ಮುಗಿಸಿ ಗಲ್ಫ್‌ಗೆ: 6ಜಿ ಟೆಸ್ಟಿಗೆ ತಯಾರಿ ಹೇಗೆ?

ಪ್ರಶ್ನೆ: ನನ್ನ ತಮ್ಮ ಕೊಪ್ಪಳದಲ್ಲಿ ಒಂದು ವರ್ಷದ ಐಟಿಐ ವೆಲ್ಡರ್ ಮುಗಿಸ್ತಿದ್ದಾನೆ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಬ್ಜೆಕ್ಟ್ ಹೋಗಿವೆ. ಸೌದಿಗೆ ಪೈಪ್ ವೆಲ್ಡರ್ ಬೇಕು ಅಂತ ಒಬ್ಬ ಏಜೆಂಟ್ ಬಂದಿದ್ದಾನೆ. ಒಂದೂವರೆ ಲಕ್ಷ ಕೇಳ್ತಾನೆ. 6ಜಿ ಅನ್ನೋ ಪೈಪ್ ವೆಲ್ಡಿಂಗ್ ಟೆಸ್ಟಿನ ಸರ್ಟಿಫಿಕೇಟ್ ತಾನೇ ಕೊಡಿಸ್ತೀನಿ, ಟೆಸ್ಟ್ ಬರೀ ಹೆಸರಿಗೆ ಅಂತಾನೆ. ನಂಬಬಹುದಾ? ತಮ್ಮ ಈಗ ಏನು ಕಲೀಬೇಕು?

ಉತ್ತರ (ವೆಲ್ಡಿಂಗ್ ಇನ್‌ಸ್ಪೆಕ್ಟರ್): ಟೆಸ್ಟ್ ಹೆಸರಿಗಲ್ಲ. ರಿಫೈನರಿ, ಗ್ಯಾಸ್ ಪ್ಲಾಂಟ್ ಕೆಲಸಕ್ಕೆ ಸಾಮಾನ್ಯವಾಗಿ ಎರಡು ಸಲ ಟೆಸ್ಟ್ ತಗೋತಾರೆ. ಮುಂಬೈಯಲ್ಲೋ ಚೆನ್ನೈಯಲ್ಲೋ ಟ್ರೇಡ್ ಟೆಸ್ಟ್ ಸೆಂಟರಿನಲ್ಲಿ ಒಂದು, ಅಲ್ಲಿಗೆ ಹೋದಮೇಲೆ ಸೈಟಿನಲ್ಲಿ ಇನ್ನೊಂದು. ಎರಡನೇದರಲ್ಲಿ ಬಿದ್ದವನನ್ನು ಹೆಲ್ಪರ್ ಮಾಡ್ತಾರೆ, ಇಲ್ಲಾ ವಾಪಸ್ ಕಳಿಸ್ತಾರೆ. ದುಡ್ಡಿಗೆ ಸಿಗುವ 6ಜಿ ಸರ್ಟಿಫಿಕೇಟಿಗೆ ಅಲ್ಲಿ ಕಿಮ್ಮತ್ತಿಲ್ಲ. ಎಎಸ್‌ಎಂಇ ಸೆಕ್ಷನ್ 9ರ (ಅಮೆರಿಕದ ವೆಲ್ಡಿಂಗ್ ನಿಯಮಾವಳಿ) ಪ್ರಕಾರ ವೆಲ್ಡರನ್ನು ಕ್ವಾಲಿಫೈ ಮಾಡುವ ಹೊಣೆ ಕೆಲಸ ಕೊಡುವ ಕಂಪನಿಯದು. ಕ್ವಾಲಿಫೈ ಆದವನೂ ಆ ವೆಲ್ಡಿಂಗ್ ಪ್ರೊಸೆಸ್‌ನಲ್ಲಿ ಆರು ತಿಂಗಳು ಕೆಲಸ ಮಾಡದೇ ಇದ್ದರೆ ಮತ್ತೆ ಟೆಸ್ಟ್ ಕೊಡಬೇಕು.

6ಜಿ ಅಂದರೆ ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದು, ತಿರುಗಿಸದೆ ಸುತ್ತ ವೆಲ್ಡ್ ಮಾಡೋದು. ಐಟಿಐಯಲ್ಲಿ ಪೈಪ್ ಇದೆ, ಆದರೆ ಹೆಚ್ಚಿನ ಹೊತ್ತು ಪ್ಲೇಟಿನ ಮೇಲೇ ಹೋಗುತ್ತೆ. ತಮ್ಮ ತುಂಬಬೇಕಾದ ಕೊರತೆ ಇದೇ. ಸಾಮಾನ್ಯವಾಗಿ ಕೊಡೋದು 2 ಇಂಚು ಅಥವಾ 6 ಇಂಚು ಶೆಡ್ಯೂಲ್ 80 (ಪೈಪ್ ಗೋಡೆಯ ದಪ್ಪದ ಅಳತೆ) ಕಾರ್ಬನ್ ಸ್ಟೀಲ್ ಪೈಪ್. ರೂಟ್, ಅಂದರೆ ತಳದ ಮೊದಲ ಪದರ, ಟಿಗ್‌ನಲ್ಲಿ (ನಮ್ಮಲ್ಲಿ ಆರ್ಗನ್ ಅಂತಾರಲ್ಲ, ಅದೇ). 6 ಇಂಚಿಗೆ ಫಿಲ್ಲಿಂಗ್ (ನಡುವಿನ ಪದರಗಳು), ಕ್ಯಾಪಿಂಗ್ (ಮೇಲಿನ ಕೊನೆ ಪದರ) 7018 ಅನ್ನೋ ವೆಲ್ಡಿಂಗ್ ರಾಡಿನಲ್ಲಿ.

ಫೇಲಾಗುವವರಲ್ಲಿ ಹೆಚ್ಚಿನವರು ಬೀಳೋದು ರೂಟಿನಲ್ಲಿ. ಅದಕ್ಕೇ ಫಿಟಪ್‌ನಿಂದ (ಎರಡು ಪೈಪಿನ ತುದಿ ಹೊಂದಿಸೋದು) ಶುರು ಮಾಡಿ. ರೂಟ್ ಫೇಸ್ (ಓರೆ ಅಂಚಿನ ತಳದಲ್ಲಿ ಬಿಡುವ ಚಪ್ಪಟೆ ಭಾಗ) 1ರಿಂದ 1.5 ಮಿ.ಮೀ, ಗ್ಯಾಪ್ 3 ಮಿ.ಮೀ, 2.4 ಮಿ.ಮೀ ಫಿಲ್ಲರ್ ತಂತಿ ಅದರಲ್ಲಿ ಸಲೀಸಾಗಿ ಆಡಬೇಕು. ಬೆವೆಲ್‌ನ (ಓರೆಯಾಗಿ ಕತ್ತರಿಸಿದ ಅಂಚು) ಒಳಗೂ ಹೊರಗೂ ಒಂದು ಇಂಚಿನವರೆಗೆ ತುಕ್ಕು, ಪೇಂಟ್, ಎಣ್ಣೆ ಏನೂ ಉಳಿಯದ ಹಾಗೆ ಗ್ರೈಂಡ್ ಮಾಡಿ. ವೆಲ್ಡ್ ಆಗ್ತಾ ಆಗ್ತಾ ಪೈಪ್ ಎಳೆದುಕೊಂಡು ಎದುರು ಬದಿಯ ಗ್ಯಾಪ್ ಮುಚ್ಚಿಕೊಳ್ಳುತ್ತೆ. ಹಾಗಾಗಿ ಕೊನೆಗೆ ಮಾಡುವ ಬದಿಯಲ್ಲಿ ಅರ್ಧ ಮಿಲಿಮೀಟರ್ ಜಾಸ್ತಿ ಬಿಟ್ಟು ಟ್ಯಾಕ್ (ಹಿಡಿದು ನಿಲ್ಲಿಸುವ ಚಿಕ್ಕ ವೆಲ್ಡ್) ಹಾಕಬೇಕು. ಪ್ರತಿ ಟ್ಯಾಕಿನ ಎರಡೂ ತುದಿಯನ್ನು ತೆಳು ಡಿಸ್ಕಿನಲ್ಲಿ ಇಳಿಜಾರಾಗಿ ತಿಕ್ಕಬೇಕು. ಮೊಂಡಾಗಿ ಬಿಟ್ಟರೆ ಅಲ್ಲಿ ರೂಟ್ ಕೂಡೋದಿಲ್ಲ, ಎಕ್ಸ್‌ರೇ ಫಿಲ್ಮಿನಲ್ಲಿ ಕಪ್ಪು ಗೆರೆಯಾಗಿ ಕಾಣುತ್ತೆ. ಕರೆಂಟ್ 90–110 ಆಂಪ್ಸ್, ಟಾರ್ಚ್ ನೆಗೆಟಿವ್‌ಗೆ, ಆರ್ಗನ್ ನಿಮಿಷಕ್ಕೆ 8–12 ಲೀಟರ್. ಪೈಪಿನ ತಳದಲ್ಲಿ, ಅಂದರೆ ಗಡಿಯಾರದ ಆರು ಗಂಟೆಯ ಜಾಗದಲ್ಲಿ, ಕರಗಿದ ಲೋಹ ಕೆಳಗೆ ಜೋತು ಬಿದ್ದು ಪೈಪಿನ ಒಳಗಡೆ ತಗ್ಗಾಗುತ್ತೆ. ಅಲ್ಲಿ ಫಿಲ್ಲರನ್ನು ಗ್ಯಾಪಿನೊಳಕ್ಕೆ ಒತ್ತಿ ಕೊಡಬೇಕು, ಆರ್ಕ್ ಗಿಡ್ಡ ಇರಬೇಕು. ಮೇಲೆ ಬಂದ ಹಾಗೆ ಇದರ ಉಲ್ಟಾ: ಕಾವು ಏರಿ ಒಳಗೆ ಹನಿಗಟ್ಟುತ್ತೆ, ಕೈ ಚುರುಕಾಗಬೇಕು.

7018 ಮಳೆಗಾಲದ ಉಪ್ಪಿನ ಹಾಗೆ, ತೇವ ಎಳೆಯುತ್ತೆ. ತೆರೆದಿಟ್ಟ ರಾಡನ್ನು 300–350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ಗಂಟೆ ಬೇಕ್ ಮಾಡಿ (ಪ್ಯಾಕೆಟ್ ಮೇಲೆ ಬೇರೆ ಹೇಳಿದ್ದರೆ ಹಾಗೆ), ಬಿಸಿ ಕ್ವಿವರ್‌ನಿಂದಲೇ (ರಾಡ್ ಬಿಸಿಯಾಗಿಡುವ ಡಬ್ಬಿ) ತೆಗೆದು ಬಳಸಬೇಕು. ಇಲ್ಲದಿದ್ದರೆ ಪೊರಾಸಿಟಿ (ವೆಲ್ಡಿನೊಳಗೆ ಗಾಳಿಗುಳ್ಳೆ), ಹೈಡ್ರೋಜನ್‌ನಿಂದ ಬಿರುಕು. ಕ್ಯಾಪಿನ ಅಂಚಿನಲ್ಲಿ ಉಗುರು ಸಿಕ್ಕಿಕೊಳ್ಳುತ್ತಾ ಅಂತ ಆಡಿಸಿ ನೋಡಿ, ಸಿಕ್ಕಿದರೆ ಅಂಡರ್‌ಕಟ್ (ಅಂಚು ಕೊರೆದು ಉಳಿದ ತಗ್ಗು). ಬೆವೆಲ್ ಬಿಟ್ಟು ಪೈಪಿನ ಮೇಲೆ ರಾಡ್ ತಾಗಿಸಿ ಆರ್ಕ್ ಹೊಡೆಯೋದು ಹುಡುಗರ ಚಾಳಿ, ಅದಕ್ಕೂ ರಿಜೆಕ್ಟ್ ಮಾಡ್ತಾರೆ.

ವಾರಕ್ಕೆರಡು ಜಾಯಿಂಟ್ ಮಾಡಿಸಿ, ಕತ್ತರಿಸಿ, ಪಟ್ಟಿಗಳನ್ನು ಬೆಂಡ್ ಮಾಡಿ ನೋಡಿ. ಬಾಗಿದ ಮೇಲ್ಮೈಯಲ್ಲಿ 3 ಮಿ.ಮೀಗಿಂತ ದೊಡ್ಡದಾಗಿ ಬಾಯಿ ಬಿಟ್ಟರೆ ಫೇಲ್. ಎಕ್ಸ್‌ರೇ ಮಾಡಿಸುವ ಖರ್ಚಿಲ್ಲದೆ ತಪ್ಪು ಗೊತ್ತಾಗುವ ದಾರಿ ಇದು.

ಉತ್ತರ (ವಿದೇಶಿ ಉದ್ಯೋಗದ ಕಾಗದಪತ್ರ ನೋಡಿಕೊಳ್ಳುವವರು): ದುಡ್ಡಿನ ವಿಷಯ ನಾನು ಹೇಳ್ತೀನಿ. ನೋಂದಾಯಿತ ಏಜೆಂಟ್ ತಗೋಬಹುದಾದದ್ದು ಗರಿಷ್ಠ 30,000 ರೂಪಾಯಿ, ಮೇಲೆ 18% ಜಿಎಸ್‌ಟಿ. ಒಟ್ಟು 35,400, ರಸೀದಿ ಸಮೇತ. ಒಂದೂವರೆ ಲಕ್ಷ ಕೇಳಿದಾಗಲೇ ಗೊತ್ತಾಯ್ತಲ್ಲ. ಅವನ ಲೈಸೆನ್ಸ್ ನಂಬರ್ ಕೇಳಿ, ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹಾಕಿ ನೋಡಿ. "ನಾನು ಸಬ್ ಏಜೆಂಟ್" ಅಂದರೆ ಅಲ್ಲಿಗೇ ಮಾತು ಮುಗಿಸಿ, ಕಾನೂನಿನಲ್ಲಿ ಅಂಥವರಿಗೆ ಜಾಗವಿಲ್ಲ.

ತಮ್ಮನ ಪಾಸ್‌ಪೋರ್ಟ್ ಬಗ್ಗೆಯೂ ಒಂದು ಮಾತು. ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ ಇಸಿಆರ್ (ಎಮಿಗ್ರೇಷನ್ ತಪಾಸಣೆ ಬೇಕಾದ) ಪಾಸ್‌ಪೋರ್ಟ್ ಬರುತ್ತೆ. ಎರಡು ವರ್ಷದ ಐಟಿಐಗೆ ವಿನಾಯಿತಿ ಇದೆ, ವೆಲ್ಡರ್ ಒಂದೇ ವರ್ಷದ್ದು, ಸಾಲದು. ಇಸಿಆರ್ ಇದ್ದರೆ ಸೌದಿ, ಕತಾರ್, ಯುಎಇ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಎಮಿಗ್ರೇಷನ್ ಕ್ಲಿಯರೆನ್ಸ್ (ಸರ್ಕಾರದ ಅನುಮತಿ) ಬೇಕು. ಇದನ್ನು ತಪ್ಪಿಸಿಕೊಳ್ಳೋಕೆ "ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ" ಅಂತಾರೆ. ಒಪ್ಪಬೇಡಿ, ಆಮೇಲೆ ಸಂಬಳ ಕೊಡದಿದ್ದರೆ ತೋರಿಸಲು ಕಾಂಟ್ರ್ಯಾಕ್ಟೇ ಇರಲ್ಲ. ಕ್ಲಿಯರೆನ್ಸ್ ಜೊತೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ: ಎರಡು ವರ್ಷಕ್ಕೆ 275 ರೂ., ಮೂರು ವರ್ಷಕ್ಕೆ 375 ರೂ., ತೆರಿಗೆ ಬೇರೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷ. ನನ್ನ ಸಲಹೆ, ಉಳಿದ ಎರಡು ಸಬ್ಜೆಕ್ಟ್ ಕಟ್ಟಿ ಪಾಸಾಗಿ, ಆಮೇಲೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಲಿ.

ಪ್ರಶ್ನೆ: ಅನುಭವ ಎರಡು ವರ್ಷ ಬೇಕಂತೆ. ಲೆಟರ್ ಮಾಡಿಸಿಕೊಡ್ತೀನಿ ಅಂತಾನೆ ಏಜೆಂಟ್. ಜರ್ಮನಿಗೂ ಇದೇ ಟೆಸ್ಟಾ?

ಉತ್ತರ (ವೆಲ್ಡಿಂಗ್ ಇನ್‌ಸ್ಪೆಕ್ಟರ್): ಸುಳ್ಳು ಲೆಟರ್ ಬೇಡ. ಟಾರ್ಚ್ ಹಿಡಿದ ಐದು ನಿಮಿಷದಲ್ಲಿ ಕೈ ಸತ್ಯ ಹೇಳುತ್ತೆ. ಬಳ್ಳಾರಿ, ತೋರಣಗಲ್ಲು ಕಡೆ ಫ್ಯಾಬ್ರಿಕೇಷನ್ ಕಾಂಟ್ರ್ಯಾಕ್ಟರ್ ಹತ್ತಿರ ಪಿಎಫ್ ಕಟ್ಟುವ ಕೆಲಸ ಹಿಡಿಯಲಿ, ಪಿಎಫ್ ಪಾಸ್‌ಬುಕ್ ಅನುಭವಕ್ಕೆ ಸಾಕ್ಷಿ. ಅಲ್ಲೇ ಡ್ರಾಯಿಂಗಿನ ವೆಲ್ಡ್ ಸಿಂಬಲ್ ಓದೋದು, ಡಬ್ಲ್ಯುಪಿಎಸ್ (ವೆಲ್ಡ್ ಹೇಗೆ ಮಾಡಬೇಕು ಅಂತ ಬರೆದ ಹಾಳೆ) ನೋಡಿ ಆಂಪ್ಸ್, ಪೊಲಾರಿಟಿ ಸೆಟ್ ಮಾಡೋದು ಕಲಿಯಲಿ. ಗಲ್ಫ್ ಸೈಟಿನಲ್ಲಿ ಮಾತಿಗೆ ಹಿಂದಿ ನಡೆಯುತ್ತೆ, ವರ್ಕ್ ಪರ್ಮಿಟ್ (ಕೆಲಸ ಶುರು ಮಾಡಲು ಸೈಟಿನಲ್ಲಿ ಕೊಡುವ ಅನುಮತಿ ಚೀಟಿ) ಮಾತ್ರ ಇಂಗ್ಲಿಷಿನಲ್ಲೇ ಇರುತ್ತೆ.

ಜರ್ಮನಿಯಲ್ಲಿ ಐಎಸ್‌ಒ 9606-1 ಪ್ರಕಾರದ ಟೆಸ್ಟ್ ನಡೆಯುತ್ತೆ. ಕೆಳಗಿಂದ ಮೇಲಕ್ಕೆ ಮಾಡುವ 6ಜಿಗೆ ಅಲ್ಲಿ ಎಚ್-ಎಲ್045 ಅಂತಾರೆ, ಕೈಕೆಲಸ ಅದೇ. ಆದರೆ ಅಲ್ಲಿ ಲೋಹದ ಟ್ರೇಡ್‌ಗಳ ತರಬೇತಿಯೇ ಮೂರೂವರೆ ವರ್ಷ, ಜೊತೆಗೆ ಜರ್ಮನ್ ಭಾಷೆ ಬೇಕು. ಈ ವರ್ಷಕ್ಕೆ ಅದನ್ನು ಬಿಡಿ. ಮೊದಲು ಆ ಆರು ಗಂಟೆಯ ಜಾಗದಲ್ಲಿ ರೂಟ್ ತಗ್ಗಾಗದೆ ಬರಲಿ. ಪೈಪಿನ ಒಳಗೆ ಟಾರ್ಚ್‌ಲೈಟ್ ಹಾಕಿ ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳ್ತೀನಿ.