ಎಪ್ಪತ್ತು ದಾಟಿದರೆ ಹ್ಯಾಂಡಲ್ ಶೇಕ್: ಕೋನ್ ಸೆಟ್ ಹಾಕಿಸಲೇಬೇಕಾ?

ಪ್ರಶ್ನೆ: ಅಣ್ಣಾ, 350 ಸಿಸಿ ಗಾಡಿ, ಮುಂದೆ 19 ಇಂಚಿನ ಸ್ಪೋಕ್ ಚಕ್ರ, 100/90 ಟೈರ್, ಟ್ಯೂಬ್ ಇರೋದು. 22,000 ಕಿ.ಮೀ. ಓಡಿದೆ. ಹಾಸನದಿಂದ ಸಕಲೇಶಪುರದ ಕಡೆ ಹೈವೇಯಲ್ಲಿ 65 ದಾಟುತ್ತಿದ್ದಂತೆ ಹ್ಯಾಂಡಲ್ ಮೇಲೆ ಕೆಳಗೆ ಕುಣಿಯುತ್ತೆ, 80ಕ್ಕೆ ಕನ್ನಡಿಯಲ್ಲಿ ಏನೂ ಕಾಣಲ್ಲ. ಬ್ರೇಕ್ ಹಿಡಿದರೂ ಬಿಟ್ಟರೂ ಒಂದೇ. ಎರಡು ವಾರದ ಹಿಂದೆ ಮುಂದಿನ ಟೈರ್ ಪಂಚರ್ ಹಾಕಿಸಿದ್ದು ಬಿಟ್ಟರೆ ಬೇರೇನೂ ಬಿಚ್ಚಿಲ್ಲ. ಗ್ಯಾರೇಜಲ್ಲಿ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್) ಹೋಗಿದೆ, ಬದಲಾಯಿಸಿ ಅಂತಾರೆ. ಹಾಕಿಸಲಾ?

ಮೆಕ್ಯಾನಿಕ್: ಈಗಲೇ ಬೇಡ. ಕೋನ್ ಸೆಟ್ ಹೋದ ಗಾಡಿಯ ಲಕ್ಷಣ ಬೇರೆ. ಗುಂಡಿಗೆ ಇಳಿದಾಗ, ಮುಂದಿನ ಬ್ರೇಕ್ ಹಿಡಿದಾಗ 'ಟಕ್' ಅನ್ನುತ್ತೆ, ಇಲ್ಲವೇ ವೇಗ ಇಳಿಯುವಾಗ ಹ್ಯಾಂಡಲ್ ಎಡಬಲಕ್ಕೆ ಒಲೆಯುತ್ತೆ. ನೀವು ಹೇಳ್ತಿರೋದು ಮೇಲೆ ಕೆಳಗಿನ ಕುಣಿತ, ಅದೂ ಪಂಚರ್ ಆದ ಮೇಲೆ ಶುರುವಾಗಿದ್ದು.

ಮೊದಲು ಇಂಜಿನ್ನಾ ಚಕ್ರವಾ ಬೇರೆ ಮಾಡಿ. ಖಾಲಿ ನೇರ ರಸ್ತೆಯಲ್ಲಿ 75ಕ್ಕೆ ಹೋಗಿ, ಕ್ಲಚ್ ಒತ್ತಿ ಆಕ್ಸಲರೇಟರ್ ಬಿಡಿ. ಕುಣಿತ ಹಾಗೇ ಉಳಿದು ವೇಗದ ಜೊತೆ ಇಳಿದರೆ ಚಕ್ರದ್ದು. ಕ್ಲಚ್ ಒತ್ತಿದ ತಕ್ಷಣ ನಿಂತರೆ ಇಂಜಿನ್ ಕಡೆಯದು, ಮೌಂಟಿಂಗ್ ಬೋಲ್ಟ್ ನೋಡಬೇಕು. ಕೈಗೂ ವ್ಯತ್ಯಾಸ ಗೊತ್ತಾಗುತ್ತೆ. ನಿಮ್ಮ ಟೈರಿನ ಸುತ್ತಳತೆ ಹೆಚ್ಚುಕಡಿಮೆ 2.08 ಮೀಟರ್, ಅಂದರೆ 70ರಲ್ಲಿ ಚಕ್ರ ಸೆಕೆಂಡಿಗೆ ಒಂಬತ್ತು ಸುತ್ತು. ಇಂಜಿನ್ 3,500 ಆರ್‌ಪಿಎಮ್‌ನಲ್ಲಿ ಸೆಕೆಂಡಿಗೆ 58 ಸುತ್ತು. ಕೈ ಜೋಮು ಹಿಡಿದರೆ ಇಂಜಿನ್, ಕೈ ಕುಣಿದರೆ ಚಕ್ರ. ಎರಡೂ ಕೈ ಬಿಟ್ಟು ಪರೀಕ್ಷೆ ಮಾಡೋಕೆ ಮಾತ್ರ ಹೋಗಬೇಡಿ.

ಆಮೇಲೆ ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ ಕೆಳಗೆ ಮರದ ತುಂಡು ಕೊಟ್ಟು ಮುಂದಿನ ಚಕ್ರ ನೆಲ ಬಿಡಿಸಿ. ಇಷ್ಟು ನೋಡಿ ಬರೆಯಿರಿ:

ಫೋರ್ಕಿನ ಎರಡೂ ಕಾಲನ್ನು ಆಕ್ಸಲ್ ಹತ್ತಿರ ಹಿಡಿದು ಹಿಂದೆ ಮುಂದೆ ಎಳೆಯಿರಿ. ಇನ್ನೊಬ್ಬರು ಫೋರ್ಕಿನ ಎರಡೂ ಕಾಲು ಹಿಡಿದಿರೋ ಕೆಳಗಿನ 'ಟೀ' ಮತ್ತು ಚಾಸಿ ಸೇರುವ ಸಂದಿನಲ್ಲಿ ಬೆರಳಿಟ್ಟಿರಲಿ. ಆಟ ಅಲ್ಲೇ ಬೆರಳಿಗೆ ತಾಗಿದರೆ ಕೋನ್ ಲೂಸ್. ಬೆರಳಿಗೆ ಏನೂ ತಾಗದೆ ಪೈಪ್ ಮಾತ್ರ ಆಡಿದರೆ ಫೋರ್ಕ್ ಬುಷ್ (ಪೈಪ್ ಜಾರೋ ಒಳಗಿನ ಬಳೆ) ಸವೆದಿದೆ. ಇವೆರಡನ್ನೂ ಒಂದೇ ಅಂದುಕೊಂಡು ಎಷ್ಟೋ ಕೋನ್ ಸೆಟ್ ಸುಮ್ಮನೆ ಕಸಕ್ಕೆ ಹೋಗುತ್ತವೆ.

ಹ್ಯಾಂಡಲನ್ನು ಒಂದೇ ಬೆರಳಲ್ಲಿ ಎಡಬಲ ತಿರುಗಿಸಿ. ಸರಿ ಮಧ್ಯದಲ್ಲಿ ಗುಂಡಿಗೆ ಬಿದ್ದ ಹಾಗೆ ಸಿಕ್ಕಿಕೊಂಡರೆ ಕೋನ್ ಸೆಟ್ಟಿನ ರೇಸಿನಲ್ಲಿ, ಅಂದರೆ ಬಾಲ್‌ಗಳು ಓಡೋ ಬಳೆಯಲ್ಲಿ, ಗುಳಿ ಬಿದ್ದಿದೆ.

ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಅಲ್ಪಸ್ವಲ್ಪ ಆಟ ಬಂದರೂ ಬೇರಿಂಗ್ ಬದಲಾಯಿಸಬೇಕು.

ಕೊನೆಗೆ ಫೋರ್ಕಿಗೆ ಒಂದು ಕೇಬಲ್ ಟೈ ಕಟ್ಟಿ, ಅದರ ತುದಿ ರಿಮ್ಮಿನ ಅಂಚಿಗೆ ತಾಗೀತು ತಾಗದು ಅನ್ನುವಷ್ಟು ಹತ್ತಿರ ಇಟ್ಟು ಚಕ್ರ ತಿರುಗಿಸಿ. ಅಡ್ಡಕ್ಕಾಗಲಿ ಏರಿಳಿತಕ್ಕಾಗಲಿ 2 ಮಿ.ಮೀ. ಒಳಗಿದ್ದರೆ ರಿಮ್ ಸರಿ. ಅದೇ ಟೈಯನ್ನು ಟೈರಿನ ಮೇಲ್ಮೈಗೆ ತಂದು ಇನ್ನೊಮ್ಮೆ ತಿರುಗಿಸಿ.

ಪ್ರಶ್ನೆ ಕೇಳಿದವರು: ಎಲ್ಲಾ ನೋಡಿದೆ ಅಣ್ಣಾ. ಕ್ಲಚ್ ಒತ್ತಿದರೂ ಕುಣಿತ ಹೋಗಲ್ಲ. ಫೋರ್ಕಲ್ಲಿ ಆಟ ಇಲ್ಲ, ಹ್ಯಾಂಡಲ್ ಎಲ್ಲೂ ಹಿಡಿಯಲ್ಲ, ಬೇರಿಂಗ್ ಗಟ್ಟಿ. ರಿಮ್ ಅಡ್ಡಕ್ಕೆ 1 ಮಿ.ಮೀ., ಏರಿಳಿತ ಅದಕ್ಕೂ ಕಮ್ಮಿ. ಆದರೆ ಟೈರ್ ಮಾತ್ರ ಒಂದು ಕಡೆ ಸುಮಾರು 4 ಮಿ.ಮೀ. ಏರಿಳಿಯುತ್ತೆ. ವಾಲ್ವ್ ಹತ್ತಿರ ಒಂದು ಗೇಣು ಉದ್ದ ಟೈರ್ ಒಳಗೆ ಕೂತಂಗಿದೆ. ಗಾಳಿ 32 ಇತ್ತು.

ಮೆಕ್ಯಾನಿಕ್: ಸಿಕ್ಕಿತು. ಟೈರಿನ ಪಕ್ಕದಲ್ಲಿ, ರಿಮ್ಮಿನ ಅಂಚಿಗೆ ಹತ್ತಿರ, ಸುತ್ತಲೂ ಒಂದು ಸಣ್ಣ ಗೆರೆ ಇರುತ್ತೆ. ಆ ಗೆರೆಗೂ ರಿಮ್ಮಿಗೂ ನಡುವಿನ ಅಂತರ ಎಲ್ಲಾ ಕಡೆ ಒಂದೇ ಇರಬೇಕು. ನಿಮ್ಮದರಲ್ಲಿ ವಾಲ್ವ್ ಹತ್ತಿರ ಗೆರೆ ಒಳಗೆ ಮುಳುಗಿದೆ, ಅಂದರೆ ಪಂಚರ್ ಹಾಕಿದ ಮೇಲೆ ಬೀಡ್ (ರಿಮ್ಮಿನೊಳಗೆ ಕೂರೋ ಟೈರಿನ ಅಂಚು) ಪೂರ್ತಿ ಕೂತಿಲ್ಲ. ಚಕ್ರ ಗುಂಡಗಿಲ್ಲ, ಅಷ್ಟೇ. ಕೋನ್ ಸೆಟ್ ಹೊಸದು ಹಾಕಿದರೂ ಇದು ಹೀಗೇ ಕುಣೀತಿತ್ತು.

ಸರಿಮಾಡೋದು ಹೀಗೆ. ವಾಲ್ವಿನ ಪಿನ್ ಬಿಚ್ಚಿ ಗಾಳಿ ಪೂರ್ತಿ ತೆಗೆಯಿರಿ. ವಾಲ್ವಿನ ನಟ್ ಸಡಿಲ ಮಾಡಿ ವಾಲ್ವನ್ನು ಒಳಕ್ಕೆ ಒತ್ತಿ ನೋಡಿ, ಸಲೀಸಾಗಿ ಹೋಗಿ ಬಂದರೆ ಟ್ಯೂಬ್ ಬೀಡಿನ ಕೆಳಗೆ ಸಿಕ್ಕಿಲ್ಲ ಅಂತ. ಸಿಕ್ಕಿಕೊಂಡಿದ್ದರೆ ಗಾಳಿ ತುಂಬಿದ ತಕ್ಷಣ ಹರಿಯುತ್ತೆ. ಮುಳುಗಿರೋ ಜಾಗದಲ್ಲಿ ಎರಡೂ ಪಕ್ಕದ ಬೀಡನ್ನು ಒಳಕ್ಕೆ ತಳ್ಳಿ, ಸೋಪಿನ ನೀರನ್ನು ಬ್ರಷ್ಷಲ್ಲಿ ಸುತ್ತಲೂ ಧಾರಾಳವಾಗಿ ಹಚ್ಚಿ. ಆಯಿಲ್, ಗ್ರೀಸ್ ಹಚ್ಚಲೇಬೇಡಿ, ರಬ್ಬರ್ ಹಾಳಾಗುತ್ತೆ, ಬ್ರೇಕ್ ಹಿಡಿದಾಗ ಟೈರ್ ರಿಮ್ಮಿನ ಮೇಲೆ ಜಾರುತ್ತೆ. ಈಗ ಗಾಳಿ ತುಂಬಿ, ಟೈರಿನ ಮೇಲೆ ಅಚ್ಚಾಗಿರೋ ಗರಿಷ್ಠ ಒತ್ತಡ ಮೀರಬೇಡಿ. 'ಟಪ್' ಅಂತ ಕೂತ ಸದ್ದು ಬರುತ್ತೆ. ಗೆರೆ ಸಮ ಆದ ಮೇಲೆ ಗಾಳಿ ಪೂರ್ತಿ ಬಿಟ್ಟು ಇನ್ನೊಮ್ಮೆ ತುಂಬಿ, ಟ್ಯೂಬಿನ ಮಡಿಕೆ ಬಿಡುತ್ತೆ. ಕೊನೆಗೆ ಗಾಡಿಯ ಸ್ಟಿಕರಲ್ಲಿ ಇರುವಷ್ಟಕ್ಕೆ ಇಳಿಸಿ, ಟೈರ್ ತಣ್ಣಗಿದ್ದಾಗ. 32 ನಿಮ್ಮ ಮುಂದಿನ ಟೈರಿಗೆ ಜಾಸ್ತಿ, ಅದೂ ಕುಣಿತಕ್ಕೆ ಸಾಥ್ ಕೊಟ್ಟಿದೆ.

ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯಬೇಡಿ, ಕ್ಯಾಪಿನ ಕಡೆ ತಿರುಗಿಸಿಡಿ. ಮುಂದೆ ಯಾವಾಗಲಾದರೂ ಟ್ಯೂಬ್ ಜಾರಿದರೆ ವಾಲ್ವ್ ವಾಲಿದ್ದು ಕಣ್ಣಿಗೆ ಬೀಳುತ್ತೆ. ಬಿಗಿದಿದ್ದರೆ ಬುಡದಲ್ಲಿ ಕಿತ್ತೇ ಹೋಗುತ್ತೆ.

ಗೆರೆ ಸಮ ಕೂತೂ ಟೈರ್ 3–4 ಮಿ.ಮೀ. ಏರಿಳಿದರೆ ಒಳಗಿನ ದಾರ ಹೋಗಿದೆ. ಆ ಟೈರ್ ಬಿಸಾಕಿ.

ಇನ್ನೊಬ್ಬ ಸದಸ್ಯ: ನಂದು ಬೇರೆ ಕತೆ ಸರ್. ಮುಂದೆ ಡಿಸ್ಕ್. ಸುಮ್ಮನೆ ಓಡುವಾಗ ಏನೂ ಇಲ್ಲ, 80ರಿಂದ ಬ್ರೇಕ್ ಹಿಡಿದಾಗ ಮಾತ್ರ ಅದರುತ್ತೆ, ಲಿವರ್ ಬೆರಳಿಗೆ ತಳ್ಳಿ ತಳ್ಳಿ ಬರುತ್ತೆ.

ಮೆಕ್ಯಾನಿಕ್: ಲಿವರ್ ತಳ್ಳುತ್ತಿದ್ದರೆ ಡಿಸ್ಕ್ ಪ್ಲೇಟ್. ಲಿವರ್ ಸುಮ್ಮನಿದ್ದು ಮುಂಭಾಗ ಅದರಿದ್ದರೆ ಕೋನ್ ಅಥವಾ ಫೋರ್ಕ್ ಬುಷ್ ಅನ್ನುತ್ತಿದ್ದೆ. ಬಾಗು ಅಳೆಯೋ ಡಯಲ್ ಗೇಜ್ ಇಟ್ಟು ಡಿಸ್ಕ್ ತಿರುಗಿಸಿ. ಬಹಳಷ್ಟು ಗಾಡಿಗಳಲ್ಲಿ ಬಾಗು 0.3 ಮಿ.ಮೀ. ದಾಟಬಾರದು. ಮೈಕ್ರೋಮೀಟರಲ್ಲಿ ದಪ್ಪವನ್ನೂ ಆರೇಳು ಕಡೆ ಅಳೆಯಿರಿ, ನೇರ ಇರೋ ಪ್ಲೇಟ್ ಕೂಡ ದಪ್ಪ ತೆಳು ಆಗಿದ್ದರೆ ಹೀಗೇ ತಳ್ಳುತ್ತೆ. ಎಷ್ಟು ತೆಳುವಾಗಬಹುದು ಅಂತ ಪ್ಲೇಟ್ ಮೇಲೇ ಕೆತ್ತಿರುತ್ತಾರೆ. ಹೊಸದು ತರುವ ಮುಂಚೆ ಹಳೇದನ್ನು ಬಿಚ್ಚಿ, ಹಬ್ಬಿನಲ್ಲಿ ಅದು ಕೂರೋ ಜಾಗದ ತುಕ್ಕು ಉಜ್ಜಿ ತೆಗೆದು, ಬೋಲ್ಟನ್ನು ಎದುರುಬದುರಾಗಿ ಬಿಗಿದು ಮತ್ತೆ ಅಳೆಯಿರಿ. ಎಷ್ಟೋ ಸಲ ಬಾಗಿರೋದು ಡಿಸ್ಕ್ ಅಲ್ಲ, ಕೆಳಗಿನ ತುಕ್ಕು. ಲೇತಿಗೆ ಕೊಟ್ಟು ಹೊಡೆಸೋದು ನನಗೆ ಒಪ್ಪಿಗೆ ಇಲ್ಲ, ಪ್ಲೇಟ್ ಮೊದಲೇ ತೆಳು.

ಮತ್ತೊಬ್ಬರು: ಕೋನ್ ಸ್ವಲ್ಪ ಟೈಟ್ ಮಾಡಿದರೆ ಶೇಕ್ ನಿಲ್ಲುತ್ತೆ ಅಂತಾರಲ್ಲ?

ಮೆಕ್ಯಾನಿಕ್: ಮುಚ್ಚಿಹೋಗುತ್ತೆ, ವಾಸಿ ಆಗಲ್ಲ. ಟೈಟ್ ಕೋನಲ್ಲಿ ಗಾಡಿ ತಾನಾಗಿ ನೇರಕ್ಕೆ ಬರಲ್ಲ, ಸಂತೆಯ ಜನಸಂದಣಿಯಲ್ಲಿ ನಿಧಾನ ಹೋಗುವಾಗ ಕುಡಿದವರ ಹಾಗೆ ವಾಲುತ್ತೆ, ಬಾಲ್‌ಗಳು ರೇಸಿನಲ್ಲಿ ಬೇಗ ಗುಳಿ ತೋಡುತ್ತವೆ. ಚಕ್ರ ಎತ್ತಿದಾಗ ಹ್ಯಾಂಡಲನ್ನು ಮಧ್ಯದಿಂದ ಬೆರಳಲ್ಲಿ ತಟ್ಟಿದರೆ ತನ್ನ ಭಾರಕ್ಕೆ ತಾನೇ ಪಕ್ಕಕ್ಕೆ ಬೀಳಬೇಕು, ಎಳೆದರೆ ಆಟ ಇರಬಾರದು. ಅಷ್ಟೇ ಬಿಗಿ. ಹ್ಯಾಂಡಲ್ ಎಡಬಲ ಒಲೆಯುತ್ತೆ ಅನ್ನುವವರು ಹಿಂದಿನ ಬಾಕ್ಸಿನ ಭಾರ ಇಳಿಸಿಯೂ ಒಮ್ಮೆ ನೋಡಿ.

ಪ್ರಶ್ನೆ ಕೇಳಿದವರು: ಅಣ್ಣಾ, ಬೀಡ್ ಕೂತಿತು, ಈಗ ಏರಿಳಿತ 1 ಮಿ.ಮೀ. 75ರ ತನಕ ಕೆನೆ ಹಾಗೆ ಹೋಗುತ್ತೆ. 85ಕ್ಕೆ ಇನ್ನೂ ಸಣ್ಣ ನಡುಕ.

ಮೆಕ್ಯಾನಿಕ್: ಅದು ಬ್ಯಾಲೆನ್ಸಿನದು. ರಿಮ್ಮಲ್ಲಿ 20 ಗ್ರಾಂ ಹೆಚ್ಚುಕಮ್ಮಿ ಇದ್ದರೂ 80ರಲ್ಲಿ ಎರಡು ಕಿಲೋಗೂ ಮೇಲ್ಪಟ್ಟ ಎಳೆತ ಆಗುತ್ತೆ, 40ರಲ್ಲಿ ಅದರ ಕಾಲು ಭಾಗ. ಅದಕ್ಕೇ ಊರೊಳಗೆ ಗೊತ್ತಾಗಲ್ಲ.

ಮೆಷಿನ್ ಬೇಕಿಲ್ಲ. ಚಕ್ರ ಬಿಚ್ಚಿ, ಕ್ಯಾಲಿಪರಲ್ಲಿ ಪ್ಯಾಡ್‌ಗಳ ನಡುವೆ ರಟ್ಟು ಸಿಕ್ಕಿಸಿ, ಬ್ರೇಕ್ ಲಿವರ್ ಮುಟ್ಟಬೇಡಿ. ಆಕ್ಸಲನ್ನು ಚಕ್ರದೊಳಗೇ ಹಾಕಿ ಅದರ ಎರಡು ತುದಿಯನ್ನು ಸಮ ಎತ್ತರದ ಎರಡು ಸ್ಟೂಲಿನ ಮೇಲೆ ಕೂರಿಸಿ. ಸ್ಪೀಡೋ ಗೇರ್ ತೆಗೆದಿಡಿ. ಮೆಲ್ಲಗೆ ತಿರುಗಿಸಿ ಬಿಟ್ಟರೆ ಭಾರದ ಕಡೆ ಕೆಳಗೆ ಬಂದು ನಿಲ್ಲುತ್ತೆ. ನೆತ್ತಿಯಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಮೂರು ಸಲ ಅದೇ ಜಾಗ ಮೇಲೆ ಬಂದರೆ ಮಾತ್ರ ನಂಬಿ. ಗುರುತಿನ ಹತ್ತಿರದ ಸ್ಪೋಕಿಗೆ 5 ಗ್ರಾಂ ತೂಕ ಟೇಪಲ್ಲಿ ಕಟ್ಟಿ ನೋಡಿ, ಸಾಲದಿದ್ದರೆ ಇನ್ನೈದು. ಎಲ್ಲಿ ಬಿಟ್ಟರೂ ಅಲ್ಲೇ ನಿಂತಾಗ ಮುಗಿಯಿತು. ಆಮೇಲೆ ನಿಪ್ಪಲ್ (ರಿಮ್ಮಿನ ಕಡೆಯ ಸ್ಪೋಕಿನ ನಟ್) ಪಕ್ಕ ಸ್ಪೋಕಿಗೆ ಸೋಲ್ಡರ್ ತಂತಿ ಅಷ್ಟೇ ತೂಕಕ್ಕೆ ಬಿಗಿಯಾಗಿ ಸುತ್ತಿ.

ವಾಪಸ್ ಹಾಕುವಾಗ ಆಕ್ಸಲ್ ನಟ್ ಬಿಗಿದು, ಆಕ್ಸಲನ್ನು ಅಮುಕಿ ಹಿಡಿಯೋ ಫೋರ್ಕಿನ ಪಿಂಚ್ ಬೋಲ್ಟ್ ಸಡಿಲ ಇರುವಾಗಲೇ ಗಾಡಿ ಇಳಿಸಿ, ಮುಂದಿನ ಬ್ರೇಕ್ ಹಿಡಿದು ನಾಲ್ಕು ಸಲ ಜಗ್ಗಿ. ಫೋರ್ಕಿನ ಕಾಲುಗಳು ತಮ್ಮ ಜಾಗಕ್ಕೆ ಕೂತ ಮೇಲೆ ಪಿಂಚ್ ಬೋಲ್ಟ್ ಬಿಗಿಯಿರಿ. ಹೊರಡುವ ಮುಂಚೆ ಲಿವರ್ ಗಟ್ಟಿ ಆಗೋ ತನಕ ಒತ್ತಿ. 500 ಕಿ.ಮೀ. ಆದ ಮೇಲೆ ಒಂದೊಂದು ಸ್ಪೋಕನ್ನೂ ಸ್ಪ್ಯಾನರಲ್ಲಿ ತಟ್ಟಿ ನೋಡಿ. ಎಲ್ಲಾ 'ಟಣ್' ಅನ್ನಬೇಕು. 'ದಬ್' ಅಂದದ್ದನ್ನು ಕಾಲು ಸುತ್ತು ಬಿಗಿಯಿರಿ, ಅದಕ್ಕಿಂತ ಜಾಸ್ತಿ ಬೇಕು ಅನ್ನಿಸಿದರೆ ಟೈರ್ ಬಿಚ್ಚಿಸಿಯೇ ಮಾಡಿಸಿ, ಇಲ್ಲದಿದ್ದರೆ ಸ್ಪೋಕಿನ ತುದಿ ಟ್ಯೂಬಿಗೆ ಚುಚ್ಚುತ್ತೆ.