ತಾಳಮದ್ದಳೆ ರೆಕಾರ್ಡಿಂಗಿನಲ್ಲಿ ಮದ್ದಳೆಯ ಬಾಸ್ ಮಾತ್ರ ಏರಿಸುವುದು ಹೇಗೆ?

ಶ್ರೋತೃ, ಮುಳ್ಳೇರಿಯ:
ಎಲ್ಲರಿಗೂ ನಮಸ್ಕಾರ. ದೇವಸ್ಥಾನದ ಸಭಾಂಗಣದಲ್ಲಿ ನಡೆದ ತಾಳಮದ್ದಳೆಯ ರೆಕಾರ್ಡಿಂಗ್, ಮೂರೂವರೆ ಗಂಟೆ, ಮೊಬೈಲಿನಲ್ಲಿ ಮಾಡಿದ್ದು. ಹಾಡುವ ಪದ್ಯ, ಮಾತಿನಲ್ಲಿ ಹೇಳುವ ಅರ್ಥ ಎರಡೂ ಸ್ಪಷ್ಟ. ಮದ್ದಳೆಯ ಎಡಮುಚ್ಚಿಗೆಯ (ಎಡಬದಿಯ ಚರ್ಮದ) ಗುಂಕಾರ ಮಾತ್ರ ತೀರಾ ಸಣ್ಣ, ಬಲದ ಪೆಟ್ಟೇ ಎದ್ದು ಕೇಳುತ್ತದೆ. ಆಡಾಸಿಟಿ ಎಂಬ ಧ್ವನಿ ತಿದ್ದುವ ಸಾಫ್ಟ್‌ವೇರಿನ ‘ಬಾಸ್ ಆಂಡ್ ಟ್ರೆಬಲ್’ನಲ್ಲಿ 12 ಡಿಬಿ ಏರಿಸಿದರೆ ಅರ್ಥಧಾರಿಗಳ ಮಾತು ಕೊಡಪಾನದೊಳಗಿಂದ ಬಂದ ಹಾಗಾಗುತ್ತದೆ, ಜೋರು ಪೆಟ್ಟು ಬಿದ್ದಲ್ಲಿ ಪರಪರ ಎನ್ನುತ್ತದೆ. ಬೇರೆ ದಾರಿ ಉಂಟೋ?

ರೆಕಾರ್ಡಿಂಗ್ ಆಸಕ್ತ, ಬದಿಯಡ್ಕ:
ಉಂಟು. ಮೊದಲು ಈ ಎರಡು ತೊಂದರೆ ಎಲ್ಲಿಂದ ಬಂತು ನೋಡುವ. ‘ಬಾಸ್ ಆಂಡ್ ಟ್ರೆಬಲ್’ ಸುಮಾರು 250 ಹರ್ಟ್ಜ್‌ನ ಕೆಳಗಿನದ್ದನ್ನೆಲ್ಲ ಸಾರಾಸಗಟಾಗಿ ಎತ್ತುತ್ತದೆ, ಅದರ ಇಳಿಜಾರೂ ಬಹಳ ನಿಧಾನದ್ದು. ಗಂಡಸರ ಮಾತಿನ ಮೂಲಸ್ವರ ಇರುವುದೇ ಸುಮಾರು 85ರಿಂದ 180 ಹರ್ಟ್ಜ್‌ನಲ್ಲಿ. ಹಾಗಾಗಿ ಮದ್ದಳೆಯ ಜೊತೆಗೆ ಮಾತೂ ಊದಿಕೊಳ್ಳುತ್ತದೆ. ಇನ್ನು 6 ಡಿಬಿ ಏರಿಸಿದರೆ ಅಲೆಯ ಎತ್ತರ ಎರಡು ಪಟ್ಟು, 12 ಏರಿಸಿದರೆ ನಾಲ್ಕು ಪಟ್ಟು. ಪೆಟ್ಟಿನ ತುದಿ ಮೊದಲೇ ಸೊನ್ನೆ ಡಿಬಿಯ (ಫೈಲು ಹಿಡಿಯಬಲ್ಲ ಗರಿಷ್ಠ ಮಟ್ಟದ) ಹತ್ತಿರ ಇದ್ದರೆ ಅದು ಕತ್ತರಿಸಿಹೋಗುತ್ತದೆ. ಪರಪರ ಅದರದ್ದೇ.

ಏರಿಸುವ ಮೊದಲು ಫೈಲಿನಲ್ಲಿ ಬಾಸ್ ಇದೆಯೋ ಇಲ್ಲವೋ ತಿಳಿಯಬೇಕು. ಮದ್ದಳೆ ಚೆನ್ನಾಗಿ ನುಡಿಯುವ 20-30 ಸೆಕೆಂಡು ಆರಿಸಿ, ಅನಲೈಸ್ ಮೆನುವಿನಲ್ಲಿ ‘ಪ್ಲಾಟ್ ಸ್ಪೆಕ್ಟ್ರಮ್’ ತೆರೆಯಿರಿ. ಅದರ ಸೈಜ್ 16384 ಮಾಡಿ, ಆಕ್ಸಿಸ್ ಲಾಗ್ ಇರಲಿ. ಸೈಜ್ 2048ರಲ್ಲೇ ಬಿಟ್ಟರೆ ಗೆರೆಗೆರೆಯ ನಡುವೆ 21 ಹರ್ಟ್ಜ್ ಅಂತರ, ಕೆಳಸ್ವರ ಏನೂ ಬಿಡಿಬಿಡಿಯಾಗಿ ಕಾಣುವುದಿಲ್ಲ. 16384ರಲ್ಲಿ ಅದು ಮೂರಕ್ಕಿಂತ ಕಡಿಮೆ. ಆಮೇಲೆ ಬರೀ ಮಾತಿರುವ ತುಂಡನ್ನೂ ಹೀಗೆಯೇ ನೋಡಿ. ಪದ್ಯದಲ್ಲಿ ಇದ್ದು ಮಾತಿನಲ್ಲಿ ಇಲ್ಲದ ದಿಬ್ಬವೇ ನಿಮ್ಮ ಎಡಮುಚ್ಚಿಗೆ. 70ರಿಂದ 150ರ ನಡುವೆ ಹುಡುಕಿ. ಒಂದೊಂದು ಮದ್ದಳೆಗೆ ಒಂದೊಂದು ಜಾಗ, ಯಾರೋ ಹೇಳಿದ ಅಂಕಿ ಹಾಕಬೇಡಿ. ಎರಡು ತುಂಡಿನಲ್ಲೂ 50ರಲ್ಲಿ ಸೂಜಿಯಂಥ ಗೆರೆ ಕಂಡರೆ ಅದು ಕರೆಂಟಿನ ಹಮ್. ‘ನಾಚ್ ಫಿಲ್ಟರ್’ನಲ್ಲಿ ತೆಗೆಯಿರಿ, ಕ್ಯೂ (ಹೆಚ್ಚಿದಷ್ಟೂ ತೆಗೆಯುವ ಪಟ್ಟಿ ಸಪೂರ) 15ರ ಹತ್ತಿರ ಸಾಕು. ಅಲ್ಲಿ ಮೊದಲೇ 60 ಎಂದು ಇರುತ್ತದೆ, ಅದು ಅಮೆರಿಕದ ಕರೆಂಟಿಗೆ. ನಮ್ಮದು 50.

ಆಮೇಲೆ ಹೀಗೆ ಮಾಡಿ. ‘ಹೈಪಾಸ್ ಫಿಲ್ಟರ್’ 40 ಹರ್ಟ್ಜ್, 24 ಡಿಬಿ ಇಳಿಜಾರು: ಫ್ಯಾನಿನ ಗಾಳಿ, ಮೊಬೈಲ್ ಮುಟ್ಟಿದ ಸದ್ದು ಹೋಗಲಿ. ಇದನ್ನು ಬಿಟ್ಟು ಬಾಸ್ ಏರಿಸಿದರೆ ಕಸವೂ ಏರುತ್ತದೆ. ‘ಆಂಪ್ಲಿಫೈ’ನಲ್ಲಿ ಮೈನಸ್ 8 ಡಿಬಿ. ‘ಫಿಲ್ಟರ್ ಕರ್ವ್ ಇಕ್ಯೂ’ನಲ್ಲಿ ನಿಮ್ಮ ದಿಬ್ಬದ ಜಾಗದಲ್ಲಿ 5 ಡಿಬಿ ಎತ್ತಿ, ಎರಡೂ ಕಡೆ ಅರ್ಧ ಆಕ್ಟೇವಿನೊಳಗೆ (ಹರ್ಟ್ಜ್ ಎರಡು ಪಟ್ಟಾದರೆ ಒಂದು ಆಕ್ಟೇವ್) ಸೊನ್ನೆಗೆ ಇಳಿಸಿ. 250ರಿಂದ 350ರ ನಡುವೆ 3 ಡಿಬಿ ತಗ್ಗಿಸಿ. ಹೆಚ್ಚಿನವರು ಬಿಡುವುದು ಇದನ್ನೇ. ಆ ಮಬ್ಬು ಇಳಿದರೆ ಏರಿಸದೆಯೇ ಬಾಸ್ ಅರ್ಧ ಬಿಚ್ಚಿಕೊಳ್ಳುತ್ತದೆ. ಅರ್ಥದ ಭಾಗಗಳಿಗೆ ಈ ಇಕ್ಯೂ ಬೇಡ, ಪದ್ಯಗಳನ್ನು ಮಾತ್ರ ಆರಿಸಿ ಹಾಕಿ. ಗಡಿ ಮಾತು ನಿಂತ ಜಾಗದಲ್ಲಿರಲಿ, ಇಲ್ಲದಿದ್ದರೆ ದನಿ ನಡುವೆಯೇ ಬದಲಾದದ್ದು ಗೊತ್ತಾಗುತ್ತದೆ. ಕೊನೆಗೆ ಇಡೀ ಫೈಲಿಗೆ ‘ಲಿಮಿಟರ್’, ತುದಿ ಮೈನಸ್ 1 ಡಿಬಿ ದಾಟದ ಹಾಗೆ.

ಸೌಂಡ್ ಕೆಲಸದವ, ಕುಂಬಳೆ:
ಇಷ್ಟೆಲ್ಲ ಬೇಡ ಅಣ್ಣ. ಟ್ರ್ಯಾಕನ್ನು ಡುಪ್ಲಿಕೇಟ್ ಮಾಡಿ, ನಕಲಿಗೆ 120ರಲ್ಲಿ ಲೋಪಾಸ್ (ಅದರ ಮೇಲಿನದ್ದನ್ನು ತೆಗೆಯುವ ಫಿಲ್ಟರ್) ಹಾಕಿ, ಎರಡನ್ನೂ ಒಟ್ಟಿಗೆ ನುಡಿಸಿದರೆ ಬಾಸ್ ಬರುತ್ತದೆ. ಸ್ಲೈಡರಿನಲ್ಲಿ ಬೇಕಾದಷ್ಟು ಏರಿಸಬಹುದು, ಮೂಲ ಟ್ರ್ಯಾಕಿಗೆ ಕೈ ಹಾಕುವುದೇ ಬೇಡ.
ಮತ್ತೆ, ಮೊಬೈಲ್ ಇಟ್ಟದ್ದು ಎಲ್ಲಿ? ಹಾರ್ನಿನ ಎದುರಾದರೆ ಕೈಬಿಡಿ. ಕಂಬಕ್ಕೆ ಕಟ್ಟುವ ಹಾರ್ನಿನಿಂದ ಸುಮಾರು 300 ಹರ್ಟ್ಜ್‌ನ ಕೆಳಗೆ ಹೆಚ್ಚೇನೂ ಹೊರಗೆ ಬರುವುದಿಲ್ಲ.

ರೆಕಾರ್ಡಿಂಗ್ ಆಸಕ್ತ, ಬದಿಯಡ್ಕ:
ಹಾರ್ನಿನ ಮಾತು ಒಪ್ಪುತ್ತೇನೆ. ಡುಪ್ಲಿಕೇಟಿನಲ್ಲಿ ಒಂದು ಅಪಾಯ ಉಂಟು. ಆಡಾಸಿಟಿಯ ಲೋಪಾಸ್ ಫೇಸ್ (ಅಲೆಯ ಏರಿಳಿತದ ಹೊತ್ತು) ತಿರುಗಿಸುತ್ತದೆ, 120ರ ಆಸುಪಾಸಿನಲ್ಲಿ ನಕಲೂ ಮೂಲವೂ ಪರಸ್ಪರ ತಿನ್ನುತ್ತವೆ. ಏರಿಸಹೊರಟ ಜಾಗದಲ್ಲೇ ಹೊಂಡ ಬೀಳಬಹುದು, 24 ಡಿಬಿ ಇಳಿಜಾರಿನಲ್ಲಂತೂ ಖಂಡಿತ. ‘ಫಿಲ್ಟರ್ ಕರ್ವ್’ ಫೇಸ್ ಮುಟ್ಟುವುದಿಲ್ಲ, ಅದಕ್ಕೇ ಅದನ್ನು ಹೇಳಿದ್ದು.

ಸಂಗೀತ ಶಿಕ್ಷಕಿ, ಮಂಜೇಶ್ವರ:
ಎರಡು ವಿಷಯ ಸೇರಿಸುತ್ತೇನೆ. ಪ್ರಾಜೆಕ್ಟ್ 32 ಬಿಟ್ ಫ್ಲೋಟ್‌ನಲ್ಲಿದ್ದರೆ ನಡುವೆ ಸೊನ್ನೆ ದಾಟಿದರೂ ಒಳಗೆ ಏನೂ ಕಳೆದುಹೋಗುವುದಿಲ್ಲ, ಕತ್ತರಿಸುವುದು ಸ್ಪೀಕರಿಗೆ ಹೋಗುವಾಗ ಮತ್ತು ಎಕ್ಸ್‌ಪೋರ್ಟ್ ಮಾಡುವಾಗ. ಹಾಗಾಗಿ ಮೈನಸ್ 8 ಮಾಡಲು ಮರೆತರೆ ಹೆದರಬೇಡಿ, ಎಕ್ಸ್‌ಪೋರ್ಟಿನ ಮೊದಲು ತಗ್ಗಿಸಿದರೆ ಸಾಕು. ಆದರೆ ರೆಕಾರ್ಡ್ ಮಾಡುವಾಗಲೇ ತುದಿ ಚಪ್ಪಟೆಯಾಗಿದ್ದರೆ ತಗ್ಗಿಸಿ ಪ್ರಯೋಜನವಿಲ್ಲ. ವ್ಯೂ ಮೆನುವಿನ ‘ಶೋ ಕ್ಲಿಪಿಂಗ್’ ಒತ್ತಿ ಕೆಂಪು ಗೆರೆ ನೋಡಿ. ಅಲ್ಲಲ್ಲಿ ಇದ್ದರೆ ಇಕ್ಯೂಗಿಂತ ಮೊದಲು ‘ಕ್ಲಿಪ್ ಫಿಕ್ಸ್’.
ಇನ್ನೊಂದು, ಕೇಳುವುದು ಯಾವುದರಲ್ಲಿ? ಮೊಬೈಲಿನ ಸ್ಪೀಕರಿನಲ್ಲಿ 100 ಹರ್ಟ್ಜ್ ಕೇಳುವುದೇ ಇಲ್ಲ, ಎಷ್ಟು ಏರಿಸಿದರೂ. ಮೊಬೈಲಿನಲ್ಲೇ ಕೇಳುವವರಿಗಾದರೆ ಅದೇ ಸ್ವರದ ಎರಡು ಪಟ್ಟು, ಮೂರು ಪಟ್ಟಿನ ಜಾಗ 2-3 ಡಿಬಿ ಎತ್ತಿ. ಮೇಲಿನ ಸ್ವರಾಂಶಗಳು ಕೇಳಿದರೆ ಕೆಳಗಿನ ಮೂಲಸ್ವರವನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ. ಆ ಪ್ರತಿಯಲ್ಲಿ 300ರ ತಗ್ಗು ಬೇಡ. ಇಯರ್‌ಫೋನಿಗೆ ಬೇರೆ ಪ್ರತಿ ಮಾಡಿ.

ಶ್ರೋತೃ, ಮುಳ್ಳೇರಿಯ:
ಮೊಬೈಲ್ ಹಿಮ್ಮೇಳದ ಹತ್ತಿರವೇ ಇತ್ತು, ಹಾರ್ನಿನ ಎದುರಲ್ಲ. ದಿಬ್ಬ 95ರಲ್ಲಿ ಸಿಕ್ಕಿತು, 50ರ ಗೆರೆಯೂ ಇದೆ. ಕೆಂಪು ಗೆರೆ ಇಲ್ಲ. ಗುಂಪಿಗೆ ಹಂಚುವುದು ಯಾವ ರೂಪದಲ್ಲಿ?

ರೆಕಾರ್ಡಿಂಗ್ ಆಸಕ್ತ, ಬದಿಯಡ್ಕ:
95 ಆದರೆ ನಾಚ್‌ನಿಂದ ಮದ್ದಳೆಗೆ ಪೆಟ್ಟಿಲ್ಲ. ಹಮ್‌ನ ಎರಡನೆಯ ಗೆರೆ 100ರಲ್ಲಿ ಇದ್ದರೆ ಅದನ್ನು ಮಾತ್ರ ಮುಟ್ಟಬೇಡಿ, ಮದ್ದಳೆಗೆ ತೀರಾ ಹತ್ತಿರ. ಮೊದಲು ವೇವ್ ಅಥವಾ ಫ್ಲಾಕ್‌ನಲ್ಲಿ (ಎರಡೂ ಗುಣಮಟ್ಟ ಕಳೆಯದ ರೂಪ) ಒಂದು ಪ್ರತಿ ಇಟ್ಟುಕೊಳ್ಳಿ. ಹಂಚಲು ಎಂಪಿ3, ಮೋನೋ, 96 ಕೆಬಿಪಿಎಸ್: ಮೂರೂವರೆ ಗಂಟೆಗೆ ಸುಮಾರು 150 ಎಂಬಿ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಮತ್ತೆ ತಿದ್ದಬೇಕೆಂದರೆ ಎಂಪಿ3ಯನ್ನು ತೆರೆಯಬೇಡಿ, ಆ ವೇವ್ ಅಥವಾ ಫ್ಲಾಕ್ ಪ್ರತಿಯಿಂದಲೇ ಶುರು ಮಾಡಿ.